ಕಡಲತೀರದ ಹಕ್ಕಿ ಫೋಟೊ: ನಾವು ಹತ್ತಿರ ಹೋಗೋದಲ್ಲ, ಅವು ಹತ್ತಿರ ಬರೋವರೆಗೆ ಕಾಯೋದು



ನವೆಂಬರ್ ಬಂತು ಅಂದ್ರೆ ಸಾಕು, ನನ್ನ ಇನ್‌ಬಾಕ್ಸಿಗೆ ಒಂದೇ ಥರದ ಮೆಸೇಜುಗಳು ಬರೋಕೆ ಶುರುವಾಗುತ್ತೆ. ಮಲ್ಪೆಗೆ ಹೋಗ್ತಿದ್ದೀವಿ, ಕಾರವಾರಕ್ಕೆ ಹೋಗ್ತಿದ್ದೀವಿ, ಬೀಚಲ್ಲಿ ಓಡಾಡೋ ಪುಟ್ಟ ಹಕ್ಕಿಗಳ ಫೋಟೊ ತೆಗೀಬೇಕು, ಯಾವ ಲೆನ್ಸ್ ತಗೊಳ್ಳಲಿ ಅಂತ. ಲೆನ್ಸ್ ವಿಷಯ ಆಮೇಲೆ ಹೇಳ್ತೀನಿ. ನಾನು ವಾಪಸ್ ಕೇಳೋ ಪ್ರಶ್ನೆ ಬೇರೆ: ನೀವು ಹೋಗೋ ದಿನ ಉಬ್ಬರ ಎಷ್ಟು ಗಂಟೆಗೆ? ಮುಕ್ಕಾಲು ಪಾಲು ಜನಕ್ಕೆ ಈ ಪ್ರಶ್ನೆ ಯಾಕೆ ಅಂತಲೇ ಅರ್ಥ ಆಗಲ್ಲ. ಇವತ್ತಿನ ಎಪಿಸೋಡ್ ಪೂರ್ತಿ ಅದರ ಸುತ್ತಾನೇ ಇರುತ್ತೆ.

ಮೊದಲು ಈ ಹಕ್ಕಿಗಳು ಯಾರು ಅಂತ ನೋಡೋಣ. ನಮ್ಮ ಕರಾವಳಿಯ ಮರಳಲ್ಲಿ, ಅಳಿವೆಯ ಕೆಸರಲ್ಲಿ ಚಳಿಗಾಲದಲ್ಲಿ ಕಾಣೋ ಬೂದುಬಣ್ಣದ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ನಮ್ಮೂರಿನವಲ್ಲ. ಆಗಸ್ಟ್-ಸೆಪ್ಟೆಂಬರ್‌ನಿಂದ ಬರೋಕೆ ಶುರುಮಾಡಿ, ಏಪ್ರಿಲ್-ಮೇ ಹೊತ್ತಿಗೆ ವಾಪಸ್ ಹೋಗ್ತವೆ. ನೀವು ಅತಿ ಹೆಚ್ಚು ನೋಡಿರೋ ಸಾಧ್ಯತೆ ಇರೋದು ಸ್ಯಾಂಡ್ ಪ್ಲೋವರ್. ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ಹಳೇ ಪುಸ್ತಕಗಳಲ್ಲಿ ಇರೋದನ್ನ ಈಚೆಗೆ ಎರಡು ಪ್ರಭೇದಗಳಾಗಿ ಒಡೆದಿದ್ದಾರೆ. ನಮ್ಮ ಕಡೆ ಬರೋದು ಮುಖ್ಯವಾಗಿ ಟಿಬೆಟನ್ ಸ್ಯಾಂಡ್ ಪ್ಲೋವರ್. ಹಾಗಾಗಿ ಆ್ಯಪ್‌ನಲ್ಲಿ ಆ ಹೆಸರು ಬಂದ್ರೆ ಗಾಬರಿಯಾಗಬೇಡಿ, ಹಕ್ಕಿ ಅದೇ. ತೂಕ ಹೆಚ್ಚುಕಮ್ಮಿ ಒಂದು ಕೋಳಿಮೊಟ್ಟೆಯಷ್ಟು. ಇದು ಮರಿ ಮಾಡೋದು ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲುಗಳಲ್ಲಿ. ಅಂದ್ರೆ ಹಿಮಾಲಯ ದಾಟಿ ಬಂದು ಉಳ್ಳಾಲದ ಮರಳಲ್ಲಿ ಹುಳ ಹೆಕ್ಕುತ್ತೆ.

ಅದರ ಪಕ್ಕದಲ್ಲೇ, ಅಲೆಯ ಅಂಚಲ್ಲಿ ಆಟಿಕೆ ಥರ ಓಡಾಡೋ ಬೆಳ್ಳಗಿನ ಹಕ್ಕಿ ಸ್ಯಾಂಡರ್ಲಿಂಗ್. ಅದು ಇನ್ನೂ ದೂರದ್ದು, ಉತ್ತರ ಧ್ರುವದ ಹತ್ತಿರದ ಟುಂಡ್ರಾದಲ್ಲಿ ಹುಟ್ಟಿದ್ದು. ಕಲ್ಲು ಮಗುಚಿ ಹಾಕೋ ಟರ್ನ್‌ಸ್ಟೋನ್, ಕೊಕ್ಕು ಕೆಳಕ್ಕೆ ಬಾಗಿರೋ ವಿಂಬ್ರೆಲ್, ಮೇಲಕ್ಕೆ ಬಾಗಿರೋ ಟೆರೆಕ್ ಗೊರವ, ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ರೀವ ಅಂತ ಕರೆಸಿಕೊಳ್ಳೋ ಟರ್ನ್‌ಗಳು, ಮೀನು ಬಂದರಿನ ಸುತ್ತ ಕಿರುಚಾಡೋ ಕಡಲಹಕ್ಕಿಗಳು. ಇವುಗಳ ಜೊತೆಗೆ ಇಲ್ಲೇ ಇರೋ ನಮ್ಮ ಗರುಡ, ಕಡಲ ಹದ್ದು, ಬೆಳ್ಳಕ್ಕಿ. ಒಂದು ಅಳಿವೆಯಲ್ಲಿ ಬೆಳಗ್ಗೆ ಎರಡು ಗಂಟೆ ಕೂತ್ರೆ ಇವುಗಳಲ್ಲಿ ಹೆಚ್ಚಿನವು ಸಿಗ್ತವೆ.

ಈ ಹಕ್ಕಿಗಳ ಶರೀರ ಎಂಥದ್ದು ಅನ್ನೋದಕ್ಕೆ ಒಂದೇ ಉದಾಹರಣೆ ಕೊಡ್ತೀನಿ. ಬಾರ್-ಟೇಲ್ಡ್ ಗಾಡ್‌ವಿಟ್ ಅಂತ ಒಂದು ಹಕ್ಕಿ ಇದೆ. ನಮ್ಮ ಕರಾವಳಿಗೂ ಅಷ್ಟಿಷ್ಟು ಬರುತ್ತೆ. ಇದೇ ಪ್ರಭೇದದ, ಆದರೆ ಬೇರೆ ಪಂಗಡದ ಒಂದು ಹಕ್ಕಿಗೆ ಅಲಾಸ್ಕಾದಲ್ಲಿ ಉಪಗ್ರಹ ಟ್ಯಾಗ್ ಹಾಕಿದ್ರು. ಆಗ ಅದಕ್ಕೆ ಕೆಲವೇ ತಿಂಗಳು ವಯಸ್ಸು. 2022ರ ಅಕ್ಟೋಬರ್‌ನಲ್ಲಿ ಅದು ಅಲ್ಲಿಂದ ಹೊರಟು 11 ದಿನ, ಎಲ್ಲೂ ಇಳಿಯದೆ, ಸುಮಾರು 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿತು. ಊಟ ಇಲ್ಲ, ನೀರಿಲ್ಲ. ಬಾತುಕೋಳಿ ಥರ ಸಮುದ್ರದ ಮೇಲೆ ಕೂತು ಸುಧಾರಿಸಿಕೊಳ್ಳೋಣ ಅಂದ್ರೆ ಅದೂ ಆಗಲ್ಲ. ಪೆಟ್ರೋಲ್ ಎಲ್ಲಿತ್ತು? ಮೈಯಲ್ಲಿ ತುಂಬಿಕೊಂಡ ಕೊಬ್ಬಲ್ಲಿ. ಹೊರಡೋಕೆ ಮುಂಚೆ ಗಾಡ್‌ವಿಟ್‌ಗಳು ತಮ್ಮ ತೂಕವನ್ನ ಹೆಚ್ಚುಕಮ್ಮಿ ಎರಡುಪಟ್ಟು ಮಾಡಿಕೊಳ್ತವೆ, ಭಾರ ಕಮ್ಮಿ ಮಾಡೋಕೆ ಹೊಟ್ಟೆಯ ಒಳಗಿನ ಅಂಗಗಳನ್ನೇ ಕುಗ್ಗಿಸಿಕೊಳ್ತವೆ.

ನಮ್ಮ ಸ್ಯಾಂಡ್ ಪ್ಲೋವರ್ ಅಷ್ಟು ದೂರ ಹಾರಲ್ಲ. ಆದರೆ ಲೆಕ್ಕ ಅದೇ. ಮಾರ್ಚ್-ಏಪ್ರಿಲ್‌ನಲ್ಲಿ ಎಷ್ಟು ತಿಂದಿದೆ ಅನ್ನೋದರ ಮೇಲೆ ಅದರ ಮುಂದಿನ ಪ್ರಯಾಣ ನಿಂತಿದೆ. ಈಗ ಫೋಟೊಗ್ರಾಫರ್ ಕಡೆಯಿಂದ ಯೋಚಿಸಿ. ಚಳಿಗಾಲ ಪೂರ್ತಿ ಮಣ್ಣುಬಣ್ಣಕ್ಕಿದ್ದ ಹಕ್ಕಿಗೆ ಅದೇ ಮಾರ್ಚ್-ಏಪ್ರಿಲ್‌ನಲ್ಲಿ ಎದೆ ಮೇಲೆ ಇಟ್ಟಿಗೆ ಕೆಂಪು ಪಟ್ಟಿ ಬರುತ್ತೆ, ಕಣ್ಣಿನ ಸುತ್ತ ಕಪ್ಪು ಮುಖವಾಡ ಬರುತ್ತೆ. ಟರ್ನ್‌ಸ್ಟೋನ್ ಅಂತೂ ಕಂದು-ಕಪ್ಪು-ಬಿಳಿ ಬಣ್ಣದಲ್ಲಿ ಮದುಮಗನ ಥರ ಮಿಂಚುತ್ತೆ. ಫೋಟೊ ಚೆನ್ನಾಗಿ ಬರೋ ತಿಂಗಳೂ, ಹಕ್ಕಿಗೆ ಒಂದೊಂದು ತುತ್ತೂ ಮುಖ್ಯವಾಗೋ ತಿಂಗಳೂ ಒಂದೇ. ಒಬ್ಬರು ಹತ್ತಿರ ಹೋಗಿ ಹಾರಿಸಿದ್ರೆ ಏನೂ ಆಗಲ್ಲ ಅನಿಸುತ್ತೆ. ಆದರೆ ಭಾನುವಾರ ಬೆಳಗ್ಗೆ ಆ ಬೀಚಲ್ಲಿ ನೀವು ಮಾತ್ರ ಇರಲ್ಲ. ನಾಯಿ ಇರುತ್ತೆ, ಕ್ರಿಕೆಟ್ ಆಡೋರು ಇರ್ತಾರೆ, ರೀಲ್ಸ್ ಮಾಡೋರು ಇರ್ತಾರೆ, ನಿಮ್ಮಂಥ ಇನ್ನೂ ನಾಲ್ಕು ಕ್ಯಾಮೆರಾ ಇರ್ತವೆ. ಹಕ್ಕಿಗೆ ಇದೆಲ್ಲ ಸೇರಿಸಿ ಒಂದೇ ಬಿಲ್ ಬರೋದು.

ಈಗ ಉಬ್ಬರದ ಪ್ರಶ್ನೆಗೆ ಬರೋಣ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಕೆಸರು ತೆರೆದುಕೊಳ್ಳುತ್ತೆ. ಆಗ ಹಕ್ಕಿಗಳಿಗೆ ಊಟದ ಹೊತ್ತು. ಅವು ಅಗಲಕ್ಕೆ ಹರಡಿಕೊಂಡು, ನಿಮ್ಮಿಂದ ತುಂಬ ದೂರ ಹೋಗಿರ್ತವೆ. ಹತ್ತಿರ ಹೋಗೋಣ ಅಂತ ಕೆಸರಿಗೆ ಇಳಿದ್ರೆ ಕಾಲು ಹೂತುಹೋಗುತ್ತೆ, ಹಕ್ಕಿ ಹಾರುತ್ತೆ, ಎರಡೂ ನಷ್ಟ. ನೀರು ಏರೋಕೆ ಶುರುವಾದ ಮೇಲೆ ನೋಡಿ. ಅಲೆ ಅಲೆಯಾಗಿ ಕೆಸರು ಮುಚ್ಚುತ್ತಾ ಬರುತ್ತೆ, ಹಕ್ಕಿಗಳು ನೀರಿನ ಅಂಚಿನ ಜೊತೆಗೇ ತಿನ್ನುತ್ತಾ ತಿನ್ನುತ್ತಾ ದಡದ ಕಡೆಗೆ ಬರ್ತವೆ. ದಡದಲ್ಲಿ ನೀವು ಮೊದಲೇ ಬಂದು, ಕೂತು, ಅಲ್ಲಾಡದೆ ಇದ್ದರೆ, ಸಮುದ್ರವೇ ಅವುಗಳನ್ನ ನಿಮ್ಮ ಮುಂದೆ ತಂದು ನಿಲ್ಲಿಸುತ್ತೆ. ಸಾವಿರಾರು ರೂಪಾಯಿಯ ಲೆನ್ಸ್ ಮಾಡದ ಕೆಲಸವನ್ನ ಚಂದ್ರ ಪುಕ್ಕಟೆ ಮಾಡಿಕೊಡ್ತಾನೆ.

ಹಾಗಾಗಿ ಉಬ್ಬರದ ಗರಿಷ್ಠ ಮಟ್ಟ ಬೆಳಗ್ಗೆ ಎಂಟೂವರೆ-ಒಂಬತ್ತರ ಸುಮಾರಿಗೆ ಬರೋ ದಿನ ಹುಡುಕಿ. ಆರೂವರೆಗೆ ಜಾಗದಲ್ಲಿ ಇದ್ದುಬಿಡಿ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಅಂದ್ರೆ ಇವತ್ತು ಸರಿಹೋದ ಹೊತ್ತು ಮತ್ತೆ ಸಿಗೋದು ಸುಮಾರು ಹದಿನೈದು ದಿನ ಆದಮೇಲೆ. ಟೈಡ್ ಆ್ಯಪ್‌ಗಳು ಎಷ್ಟೋ ಇವೆ, ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಕೋಷ್ಟಕವನ್ನೇ ಪ್ರಕಟಿಸುತ್ತೆ. ನನ್ನ ಕೇಳಿದ್ರೆ, ಆ ಊರಿನ ದೋಣಿಯವರನ್ನ ಕೇಳೋದು ಇನ್ನೂ ವಾಸಿ. ಆ್ಯಪ್ ಹೇಳೋದು ಬಂದರಿನ ಸಮಯ, ಅಳಿವೆಯ ಒಳಗೆ ನೀರು ಏರೋದು ಸ್ವಲ್ಪ ತಡ. ಆ ತಡ ಎಷ್ಟು ಅಂತ ಗೊತ್ತಿರೋದು ಅವರಿಗೆ. ಇನ್ನೊಂದು ಮಾತು, ಇದು ಜೀವದ ವಿಷಯ: ಏರೋ ನೀರಲ್ಲಿ ಮರಳುದಿಬ್ಬದ ಮೇಲೆ ಕೂತಿರಬೇಡಿ. ಮುಂದೆ ಮಾತ್ರ ನೋಡ್ತಾ ಇದ್ದಾಗ ಹಿಂದಿನ ಕಾಲುವೆ ತುಂಬಿರುತ್ತೆ.

ಎಲ್ಲಿಗೆ ಹೋಗೋದು? ಮಂಗಳೂರಿನವರಿಗೆ ನೇತ್ರಾವತಿ-ಗುರುಪುರ ನದಿಗಳ ಅಳಿವೆ ಇದೆ, ಉಡುಪಿಯವರಿಗೆ ಕೋಡಿಬೆಂಗ್ರೆ, ಕಾರವಾರದವರಿಗೆ ಕಾಳಿ. ನನ್ನ ಮೆಚ್ಚಿನ ಜಾಗ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ. ಅಣೆಕಟ್ಟು ಇಲ್ಲದೆ ಸಮುದ್ರ ಸೇರೋ ನದಿ ಅದು. ಗಜನಿ ಭೂಮಿ, ಅಲ್ಲಿ ಬೆಳೆಯೋ ಉಪ್ಪುನೀರು ತಡೆಯೋ ಕಗ್ಗ ಭತ್ತ, ಕಾಂಡ್ಲಾ ಕಾಡು, ಏಡಿ, ಚಿಪ್ಪು, ಎಲ್ಲ ಒಂದೇ ಕಡೆ. 2024ರ ಜನವರಿಯಲ್ಲಿ ಅದಕ್ಕೆ ರಾಮ್ಸರ್ ತಾಣದ ಪಟ್ಟ ಸಿಕ್ತು, ಸುಮಾರು 4,801 ಹೆಕ್ಟೇರ್ ಪ್ರದೇಶ.

ಅಲ್ಲಿ ಇಳಿತದ ಹೊತ್ತಲ್ಲಿ ಬಳಚು ಹೆಕ್ಕೋರು ಕೆಸರಿಗೆ ಇಳೀತಾರೆ. ಬಳಚು ಅಂದ್ರೆ ಚಿಪ್ಪಿನ ಮಾಂಸ, ಕರಾವಳಿಯವರಿಗೆ ಹೇಳಬೇಕಿಲ್ಲ. ನಾನು ಗಮನಿಸಿದ್ದು ಏನಪ್ಪಾ ಅಂದ್ರೆ, ಅವರು ಕೆಲಸ ಮಾಡೋ ಜಾಗದಿಂದ ಸ್ವಲ್ಪ ದೂರದಲ್ಲೇ ವಿಂಬ್ರೆಲ್‌ಗಳು ಆರಾಮಾಗಿ ಏಡಿ ಹಿಡೀತಾ ಇರ್ತವೆ. ಅದೇ ಹಕ್ಕಿ, ಕ್ಯಾಮೆರಾ ಹಿಡಿದು ನೆಟ್ಟಗೆ ಬರೋ ಮನುಷ್ಯನನ್ನ ಅದರ ಎರಡುಪಟ್ಟು ದೂರದಿಂದಲೇ ಕಂಡು ಹಾರುತ್ತೆ. ಯಾಕೆ? ಬಳಚು ಹೆಕ್ಕೋರು ಬಗ್ಗಿರ್ತಾರೆ, ನಿಧಾನಕ್ಕೆ ಅಡ್ಡಡ್ಡ ಸರೀತಾರೆ, ಅವರ ಕಣ್ಣು ನೆಲದ ಮೇಲಿರುತ್ತೆ, ಹಕ್ಕಿ ಮೇಲಲ್ಲ. ನಾವು ನೇರವಾಗಿ, ಎದ್ದುನಿಂತು, ಅದನ್ನೇ ದಿಟ್ಟಿಸುತ್ತಾ ನಡೀತೀವಿ. ಬೇಟೆಗೆ ಬರೋ ಪ್ರಾಣಿ ನಡೆಯೋದೂ ಹೀಗೇ. ಹಕ್ಕಿ ಓದೋದು ಕ್ಯಾಮೆರಾದ ಬ್ರ್ಯಾಂಡನ್ನಲ್ಲ, ನಡಿಗೆಯನ್ನ.

ಹಾಗಾಗಿ ಹತ್ತಿರ ಹೋಗಲೇಬೇಕು ಅಂದ್ರೆ ಓರೆಯಾಗಿ ಹೋಗಿ, ಬಗ್ಗಿ ಹೋಗಿ, ನಾಲ್ಕು ಹೆಜ್ಜೆಗೆ ಒಂದು ಸಲ ನಿಂತು ನೋಡಿ. ಹಕ್ಕಿ ತಲೆ ತಗ್ಗಿಸಿ ತಿನ್ನುತ್ತಾ ಇದೆಯಾ? ಸರಿ. ತಿನ್ನೋದು ನಿಲ್ಲಿಸಿ ಕತ್ತು ಉದ್ದ ಮಾಡಿತಾ? ನೀವು ನಿಲ್ಲಬೇಕಾದ ಜಾಗ ದಾಟಿದ್ದೀರಿ ಅಂತ ಅರ್ಥ. ತಲೆಯನ್ನ ಮೇಲೆ ಕೆಳಗೆ ಕುಣಿಸೋಕೆ ಶುರುಮಾಡಿತಾ, ನಿಮ್ಮಿಂದ ದೂರ ನಡೆಯೋಕೆ ಶುರುಮಾಡಿತಾ? ಹಿಂದೆ ಸರೀರಿ. ಇಷ್ಟಕ್ಕೂ ಕತ್ತು ಉದ್ದ ಮಾಡಿದ ಹಕ್ಕಿಯ ಫೋಟೊ ಚೆನ್ನಾಗಿರಲ್ಲ. ಹೆದರಿದ ಹಕ್ಕಿ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಒಂದು ಕಾಲ ಮೇಲೆ ನಿಂತು, ಕೊಕ್ಕನ್ನ ಬೆನ್ನಿನ ಗರಿಯಲ್ಲಿ ಹುದುಗಿಸಿ, ಅರ್ಧ ಕಣ್ಣು ಮುಚ್ಚಿರೋ ಹಕ್ಕಿಯ ಫೋಟೊ ನೋಡಿ, ತೆಗೆದೋರು ಎಷ್ಟು ಹೊತ್ತು ಕಾದಿದ್ದಾರೆ ಅಂತ ಅದರಲ್ಲೇ ಕಾಣುತ್ತೆ.

ಈಗ ಬೆಳಕು. ಇದು ಯೂಟ್ಯೂಬ್ ವಿಡಿಯೋಗಳಲ್ಲಿ ಸಿಗದ ವಿಷಯ, ಯಾಕಂದ್ರೆ ಇದು ನಮ್ಮ ಕರಾವಳಿಯದ್ದೇ ಲೆಕ್ಕ. ನಮ್ಮ ಸಮುದ್ರ ಇರೋದು ಪಡುವಣಕ್ಕೆ. ಬೆಳಗ್ಗೆ ನೀವು ಸಮುದ್ರದ ಕಡೆ ಮುಖ ಮಾಡಿ ಕೂತ್ರೆ ಸೂರ್ಯ ನಿಮ್ಮ ಬೆನ್ನ ಹಿಂದೆ. ನೀರಂಚಿನ ಹಕ್ಕಿ ಮೇಲೆ ಬೆಳಕು ನೇರವಾಗಿ ಬೀಳುತ್ತೆ, ಗರಿಗರಿಯೂ ಕಾಣುತ್ತೆ. ಸಂಜೆ ಇದೇ ಜಾಗದಲ್ಲಿ ಸೂರ್ಯ ಹಕ್ಕಿಯ ಹಿಂದೆ. ಆಗ ಸಿಗೋದು ಕಪ್ಪು ಆಕೃತಿ ಮಾತ್ರ. ಚೆನ್ನೈನ ಗೆಳೆಯರು ಸಂಜೆ ಹೋಗ್ತಾರೆ ಅಂತ ನೀವೂ ಸಂಜೆ ಹೋಗಬೇಡಿ, ಅವರ ಸಮುದ್ರ ಮೂಡಣಕ್ಕಿದೆ.

ಗಾಳಿಯದ್ದೂ ಒಂದು ಲೆಕ್ಕ ಇದೆ. ಹಕ್ಕಿಗಳು ಗಾಳಿಗೆ ಎದುರಾಗಿ ಮುಖ ಮಾಡಿ ನಿಲ್ತವೆ, ಗಾಳಿಗೆ ಎದುರಾಗಿಯೇ ಏಳ್ತವೆ, ಇಳೀತವೆ. ಹಿಂದಿನಿಂದ ಗಾಳಿ ಹೊಡೆದ್ರೆ ಗರಿ ಎಲ್ಲ ಕೆದರುತ್ತೆ, ಅದಕ್ಕೆ. ಚಳಿಗಾಲದ ಬೆಳಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ನೆಲದಿಂದ ಕಡಲ ಕಡೆಗೆ ಗಾಳಿ ಬೀಸುತ್ತೆ. ಅಂದ್ರೆ ಹಕ್ಕಿಗಳ ಮುಖ ನೆಲದ ಕಡೆಗೆ, ಅಂದ್ರೆ ನಿಮ್ಮ ಕಡೆಗೆ, ಅಂದ್ರೆ ಸೂರ್ಯನ ಕಡೆಗೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲಿಂದ ಬೀಸೋಕೆ ಶುರುವಾದ್ರೆ ನಿಮಗೆ ಸಿಗೋದು ಬರೀ ಬಾಲಗಳ ಸಾಲು. ಬೆಳಗ್ಗೆ ಐದಕ್ಕೆ ಅಲಾರಂ ಇಡೋಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಇನ್ನು ಶಟರ್ ಯಾವಾಗ ಒತ್ತೋದು? ಹಕ್ಕಿ ಹೇಗೆ ಊಟ ಹುಡುಕುತ್ತೆ ಅಂತ ಗೊತ್ತಿದ್ರೆ ಇದು ಸುಲಭ. ಪ್ಲೋವರ್‌ಗಳು ಕಣ್ಣಿಂದ ಬೇಟೆ ಆಡ್ತವೆ. ಅದಕ್ಕೇ ಅವಕ್ಕೆ ದೊಡ್ಡ ಕಣ್ಣು, ಚಿಕ್ಕ ಕೊಕ್ಕು. ಓಡ್ತವೆ, ಗಕ್ಕನೆ ನಿಲ್ತವೆ, ನೋಡ್ತವೆ, ಕುಕ್ಕುತ್ತವೆ, ಮತ್ತೆ ಓಡ್ತವೆ. ಓಡುವಾಗ ಕ್ಲಿಕ್ ಮಾಡಿ ಕಾರ್ಡ್ ತುಂಬಿಸಬೇಡಿ, ನಿಂತ ಆ ಒಂದು ಕ್ಷಣಕ್ಕೆ ಕಾಯಿರಿ. ಗೊರವಗಳದ್ದು ಬೇರೆ ದಾರಿ. ಅವುಗಳ ಕೊಕ್ಕಿನ ತುದಿಯಲ್ಲಿ ಸೂಕ್ಷ್ಮವಾದ ಸ್ಪರ್ಶಕೋಶಗಳಿವೆ. ಕೆಸರೊಳಗೆ ಕೊಕ್ಕು ಚುಚ್ಚಿ, ಕಣ್ಣಿಗೆ ಕಾಣದ ಹುಳವನ್ನ ತಡವಿ ಹಿಡೀತವೆ. ಹಾಗಾಗಿ ಅವು ತಲೆ ಎತ್ತೋದೇ ಕಮ್ಮಿ, ಎತ್ತಿದಾಗ ಬಿಡಬೇಡಿ.

ಸ್ಯಾಂಡರ್ಲಿಂಗ್ ಅಂತೂ ಫೋಟೊಗ್ರಾಫರ್‌ಗೆ ವರ. ಅಲೆ ಹಿಂದೆ ಹೋದ್ರೆ ಅದರ ಹಿಂದೆ ಓಡುತ್ತೆ, ಅಲೆ ಬಂದ್ರೆ ಮುಂದೆ ಓಡಿ ಬರುತ್ತೆ. ಹೀಗೆ ಅಲೆಗೊಂದು ಸಲ, ಗಂಟೆಗಟ್ಟಲೆ. ಅಲೆ ಹಿಂದಕ್ಕೆ ಸರಿಯೋ ಆ ಕೆಲವು ಸೆಕೆಂಡಲ್ಲಿ ಒದ್ದೆ ಮರಳು ಕನ್ನಡಿ ಥರ ಆಗುತ್ತೆ, ಹಕ್ಕಿಯ ಪ್ರತಿಬಿಂಬ ಪೂರ್ತಿ ಬೀಳುತ್ತೆ. ಗುಂಪು ಯಾವ ದಿಕ್ಕಿಗೆ ಸರೀತಾ ಇದೆ ನೋಡಿಕೊಂಡು, ಮುಂದೆ ಹೋಗಿ ಮಲಗಿಬಿಡಿ. ಸುಮ್ಮನೆ ಇದ್ದರೆ ನಿಮ್ಮನ್ನ ಒಂದು ಮರದ ದಿಮ್ಮಿ ಅಂದ್ಕೊಂಡು ಪಕ್ಕದಲ್ಲೇ ಹೋಗ್ತವೆ. ಎಷ್ಟೋ ಸಲ ಲೆನ್ಸ್ ಫೋಕಸ್ ಮಾಡೋಕೆ ಆಗದಷ್ಟು ಹತ್ತಿರ. ವಿಂಬ್ರೆಲ್ ಏಡಿ ಹಿಡಿದಾಗ ತಕ್ಷಣ ನುಂಗಲ್ಲ, ಕೊಕ್ಕಲ್ಲಿ ಹಿಡಿದು ಕೊಡವಿ ಕಾಲುಗಳನ್ನ ಉದುರಿಸುತ್ತೆ, ಕೆಲವೊಮ್ಮೆ ನೀರಲ್ಲಿ ಅದ್ದಿ ತೊಳೆಯುತ್ತೆ. ಅಷ್ಟು ಹೊತ್ತು ನಿಮಗೆ ಟೈಮ್ ಇದೆ, ಗಡಿಬಿಡಿ ಬೇಡ.

ಮಲಗಿಬಿಡಿ ಅಂದೆ ಅಲ್ವಾ. ಅದು ತಮಾಷೆಗೆ ಹೇಳಿದ್ದಲ್ಲ. ನಿಂತು ತೆಗೆದ್ರೆ ಹಕ್ಕಿಯ ಹಿಂದೆ ಬರೋದು ಮರಳು, ಪ್ಲಾಸ್ಟಿಕ್ ಕವರ್, ಕಾಲುಗುರುತು. ಮಲಗಿ ಅದರ ಕಣ್ಣಿನ ಮಟ್ಟಕ್ಕೆ ಲೆನ್ಸ್ ತಂದ್ರೆ ಹಿಂದಿನದೆಲ್ಲ ದೂರ ಹೋಗಿ ಮಸುಕಾಗಿ, ಬರೀ ನೀಲಿ-ಬೂದು ಬಣ್ಣ ಉಳಿಯುತ್ತೆ. ನಿಮ್ಮ ಆಕಾರವೂ ಕುಗ್ಗಿರೋದರಿಂದ ಹಕ್ಕಿಗೂ ಭಯ ಕಮ್ಮಿ. ಕ್ಯಾಮೆರಾಗೆ ಮರಳು ತಾಗಬಾರದು ಅಂದ್ರೆ ಮನೇಲಿ ಹಳೇ ಬಾಣಲೆಯೋ ಅಂಚಿರೋ ಸ್ಟೀಲ್ ತಟ್ಟೆಯೋ ಇರುತ್ತಲ್ಲ, ಅದರಲ್ಲಿ ಅಕ್ಕಿ ತುಂಬಿದ ಬಟ್ಟೆಚೀಲ ಇಟ್ಟು, ಮೇಲೆ ಕ್ಯಾಮೆರಾ ಇಡಿ. ಮರಳ ಮೇಲೆ ದೂಡಿಕೊಂಡು ಹೋಗಬಹುದು. ಅಂಗಡೀಲಿ ಇದೇ ವಸ್ತುವಿಗೆ ಗ್ರೌಂಡ್ ಪಾಡ್ ಅಂತ ಹೆಸರಿಟ್ಟು ಸಾವಿರಗಟ್ಟಲೆ ತಗೋತಾರೆ. ಅಮ್ಮನ ಹತ್ರ ಮಾತ್ರ ಮೊದಲೇ ಕೇಳಿಬಿಡಿ, ಆ ಬಾಣಲೆ ಮತ್ತೆ ಅಡುಗೆಮನೆ ಸೇರಲ್ಲ.

ಸೆಟ್ಟಿಂಗ್ ಬಗ್ಗೆ ಚುಟುಕಾಗಿ. ನಿಂತ ಹಕ್ಕಿಗೆ ಶಟರ್ 1/500 ಸಾಕು, ಓಡೋದಕ್ಕೆ 1/1000, ಹಾರೋದಕ್ಕೆ 1/2000ರ ಆಸುಪಾಸು. ಐಎಸ್‌ಒ ಏರಿದ್ರೆ ಏರಲಿ, ಕಾಳುಕಾಳು ಫೋಟೊವನ್ನ ಸರಿಮಾಡಬಹುದು, ಅಲ್ಲಾಡಿದ ಫೋಟೊವನ್ನ ಆಗಲ್ಲ. ಕಡಲತೀರದಲ್ಲಿ ಕ್ಯಾಮೆರಾ ಮೋಸ ಹೋಗೋದು ಬೆಳಕಿನ ಅಳತೆಯಲ್ಲಿ. ಫ್ರೇಮ್ ತುಂಬ ಹೊಳೆಯೋ ಮರಳಿದ್ರೆ ಅಯ್ಯೋ ಬೆಳಕು ಜಾಸ್ತಿ ಅಂದ್ಕೊಂಡು ಕತ್ತಲು ಮಾಡುತ್ತೆ, ಕಂದು ಹಕ್ಕಿ ಕಪ್ಪಾಗುತ್ತೆ. ಅಲ್ಲಿ ಎಕ್ಸ್‌ಪೋಷರ್ ಪ್ಲಸ್ 0.7ರಷ್ಟು ಏರಿಸಿ. ಕಡುನೀಲಿ ಸಮುದ್ರದ ಮೇಲೆ ಬೆಳ್ಳಗಿನ ರೀವ ಹಾರುತ್ತಿದ್ರೆ ಉಲ್ಟಾ, ಮೈನಸ್ 0.7. ಬಿಳಿ ಗರಿಯ ವಿವರ ಒಂದು ಸಲ ಸುಟ್ಟುಹೋದ್ರೆ ಯಾವ ಎಡಿಟಿಂಗ್ ಆ್ಯಪ್‌ಗೂ ತರೋಕೆ ಆಗಲ್ಲ.

ಒಂಬತ್ತೂವರೆ ದಾಟಿದ ಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಿ. ಮರಳು ಕಾದು ಅದರ ಮೇಲಿನ ಗಾಳಿ ನಡುಗೋಕೆ ಶುರುವಾಗುತ್ತೆ, ಬೇಸಿಗೆಯಲ್ಲಿ ಡಾಂಬರು ರಸ್ತೆ ಮೇಲೆ ಕಾಣುತ್ತಲ್ಲ, ಹಾಗೆ. ಫೋಕಸ್ ಸರಿಯಿದ್ರೂ ಫೋಟೊ ಮಂಜು ಮಂಜು. ಎಷ್ಟೋ ಜನ ಇದಕ್ಕೆ ಲೆನ್ಸನ್ನ ಬೈದು ಸರ್ವಿಸ್‌ಗೆ ಕೊಟ್ಟು ಬರ್ತಾರೆ. ಬೀಚಲ್ಲಿ ಲೆನ್ಸ್ ಬದಲಾಯಿಸಬೇಡಿ, ಮನೆಗೆ ಬಂದ ತಕ್ಷಣ ಕೊಂಚ ಒದ್ದೆ ಬಟ್ಟೆಯಿಂದ ಕ್ಯಾಮೆರಾ ಹೊರಮೈ ಒರೆಸಿ. ಉಪ್ಪಿನ ಹನಿ ಒಣಗಿ ಕೂತ್ರೆ ಕಷ್ಟ.

ಸರಿ, ಲೆನ್ಸ್. ಕ್ಯಾಮೆರಾ ಇರೋರಿಗೆ 400 ಮಿಲಿಮೀಟರ್ ಹತ್ತಿರದ ಯಾವ ಜೂಮ್ ಆದ್ರೂ ಸಾಕು. ಆದರೆ ನಮ್ಮ ಕೇಳುಗರಲ್ಲಿ ಹೆಚ್ಚಿನವರ ಹತ್ರ ಇರೋದು ಫೋನ್, ಅದನ್ನ ನಾನು ಕೊರತೆ ಅಂದ್ಕೊಂಡಿಲ್ಲ. ಫೋನಲ್ಲಿ ಹಕ್ಕಿಯನ್ನ ಫ್ರೇಮ್ ತುಂಬ ತುಂಬಿಸೋ ಆಸೆ ಬಿಡಿ. ಜೂಮ್ ಎಳೆದಷ್ಟೂ ಬಣ್ಣ ಬಳಿದ ಚಿತ್ರದಂಥದ್ದು ಸಿಗುತ್ತೆ. ಬದಲಿಗೆ ಜಾಗವನ್ನ ತೆಗೀರಿ: ಲಂಗರು ಹಾಕಿದ ದೋಣಿಗಳ ಸಾಲು, ಮುಂದೆ ನೂರು ಚುಕ್ಕಿಗಳ ಥರ ಹಕ್ಕಿಗಳು. ಒದ್ದೆ ಮರಳಲ್ಲಿ ಪ್ಲೋವರ್‌ನ ಮೂರು ಬೆರಳಿನ ಹೆಜ್ಜೆಗುರುತು. ನೀರು ಏರುತ್ತಾ ಗುಂಪು ಒತ್ತೊತ್ತಾಗೋ ವಿಡಿಯೋ. ಬೈನಾಕ್ಯುಲರ್ ಇದ್ರೆ ಅದರ ಒಂದು ಕಣ್ಣಿಗೆ ಫೋನ್ ಕ್ಯಾಮೆರಾ ಜೋಡಿಸಿ ತೆಗೀಬಹುದು, ಅದಕ್ಕೆ ಅಡಾಪ್ಟರ್ ಕೂಡ ಸಿಗುತ್ತೆ. ಸ್ಕ್ರೀನ್ ಮೇಲೆ ಹಕ್ಕಿಯನ್ನ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನ ಬೆರಳಿಂದ ಸ್ವಲ್ಪ ಕೆಳಗೆ ಎಳೆಯಿರಿ. ಹೆಸರು ಗೊತ್ತಾಗದಿದ್ರೆ ಮರ್ಲಿನ್ ಆ್ಯಪ್‌ಗೆ ಫೋಟೊ ಕೊಡಿ, ಮಸುಕಾಗಿದ್ರೂ ಬಹುತೇಕ ಹತ್ತಿರಕ್ಕೆ ತಲುಪಿಸುತ್ತೆ.

ಒಬ್ಬ ಕೇಳುಗರು ಬರೆದಿದ್ರು, ಗುಂಪಾಗಿ ಹಾರೋ ಫೋಟೊ ಬೇಕು, ಆದರೆ ಹಾರಿಸಬಾರದು ಅಂದ್ರೆ ಹೇಗೆ ಅಂತ. ನ್ಯಾಯವಾದ ಪ್ರಶ್ನೆ. ಉಬ್ಬರ ತುಂಬಿದಾಗ ಹಕ್ಕಿಗಳೆಲ್ಲ ಒಂದು ಮರಳುದಿಬ್ಬದ ಮೇಲೆ ಒತ್ತೊತ್ತಾಗಿ ನಿದ್ದೆ ಹೊಡೀತಾ ಇರ್ತವೆ. ಕಲ್ಲು ಎಸೆಯೋದು, ಮಕ್ಕಳನ್ನ ಓಡಿಸೋದು, ಡ್ರೋನ್ ಬಿಡೋದು, ಎಲ್ಲ ನಡೆಯೋದು ಆಗಲೇ. ಆ ನಿದ್ದೆ ಅವಕ್ಕೆ ಮುಂದಿನ ಇಳಿತದವರೆಗಿನ ಉಳಿತಾಯ. ಹಾರೋ ಗುಂಪು ಬೇಕಾದ್ರೆ ಎರಡು ಹೊತ್ತಲ್ಲಿ ತಾನಾಗೇ ಸಿಗುತ್ತೆ. ಒಂದು, ನೀರು ಏರಿ ಕೊನೆಯ ಕೆಸರು ಮುಚ್ಚಿದಾಗ ಗುಂಪುಗುಂಪಾಗಿ ಹಾರಿ ದಿಬ್ಬಕ್ಕೆ ಬರ್ತವೆ. ಎರಡು, ಹದ್ದೋ ಚಾಣವೋ ಮೇಲೆ ಸುಳಿದಾಗ ಇಡೀ ಗುಂಪು ಒಂದೇ ಮೈಯಂತೆ ತಿರುಗುತ್ತೆ, ಒಮ್ಮೆ ಬಿಳಿ, ಒಮ್ಮೆ ಬೂದು. ದಿಬ್ಬದಿಂದ ದೂರ ಕೂತು ಆಕಾಶದ ಮೇಲೂ ಒಂದು ಕಣ್ಣಿಡಿ. ಮೀನೋ ಖಾರಾನೋ ಎಸೆದು ಕಡಲಹಕ್ಕಿಗಳನ್ನ ಕರೆಯೋ ಚಾಳಿ ಕೆಲವು ಕಡೆ ಇದೆ. ಕರಿದ ಖಾರ ತಿಂದ ಹಕ್ಕಿಗೆ ಏನು ಪುಷ್ಟಿ ಬರುತ್ತೆ ಹೇಳಿ. ಮೀನು ಬಂದರಲ್ಲಿ ದೋಣಿ ಬರೋ ಹೊತ್ತಿಗೆ ಹೋದ್ರೆ ಕಡಲಹಕ್ಕಿ, ಗರುಡ ಎರಡೂ ತಾವಾಗೇ ಇರ್ತವೆ.

ಗೂಡಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಟಿಟ್ಟಿಭ, ಕೆಲವು ಪ್ಲೋವರ್, ಕೆಲವು ರೀವಗಳು ಬರೀ ನೆಲದ ಮೇಲೆ ಮೊಟ್ಟೆ ಇಡ್ತವೆ. ಗೂಡು ಅಂದ್ರೆ ಒಂದು ಸಣ್ಣ ಗುಳಿ, ಅಷ್ಟೇ. ಮೊಟ್ಟೆ ಕಲ್ಲಿನ ಬಣ್ಣಕ್ಕೇ ಇರುತ್ತೆ, ಕಾಲ ಕೆಳಗೆ ಬಂದ್ರೂ ಗೊತ್ತಾಗಲ್ಲ. ಒಂದು ಪ್ಲೋವರ್ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ನಿಮ್ಮ ಮುಂದೆ ಒದ್ದಾಡ್ತಾ ಇದ್ರೆ ಅದಕ್ಕೆ ಏನೂ ಆಗಿಲ್ಲ, ನಿಮ್ಮನ್ನ ಗೂಡಿಂದ ದೂರ ಕರ್ಕೊಂಡು ಹೋಗ್ತಾ ಇದೆ. ಫೋಟೊ ತೆಗೆಯೋಕೆ ನಿಲ್ಲಬೇಡಿ, ಬಂದ ದಾರೀಲೇ ವಾಪಸ್ ಹೋಗಿ. ಬಿಸಿಲಲ್ಲಿ ತಾಯಿ-ತಂದೆ ಮೊಟ್ಟೆ ಮೇಲೆ ಕೂರೋದು ಕಾವು ಕೊಡೋಕಷ್ಟೇ ಅಲ್ಲ, ನೆರಳು ಕೊಡೋಕೆ. ನೀವು ಹತ್ತು ನಿಮಿಷ ಜಾಸ್ತಿ ನಿಂತ್ರೆ ಮೊಟ್ಟೆ ಬೇಯುತ್ತೆ. ಇನ್ನು ಕಾನೂನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದದ ವ್ಯಾಖ್ಯಾನದ ಒಳಗೇ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಸೇರಿದೆ. ಕೈಯಲ್ಲಿ ಕೋವಿಯೇ ಇರಬೇಕು ಅಂತಿಲ್ಲ. ಗೂಡಿನ ಫೋಟೊ ಅಕಸ್ಮಾತ್ ನಿಮ್ಮ ಫೋನಲ್ಲಿದ್ರೂ ಲೊಕೇಷನ್ ಸಮೇತ ಸ್ಟೋರಿ ಹಾಕಬೇಡಿ, ಮರುದಿನವೇ ಅಲ್ಲಿ ಹತ್ತು ಜನ ಇರ್ತಾರೆ.

ಹಾಗಂತ ಫೋಟೊ ತೆಗೆಯೋದು ಬರೀ ತೊಂದರೆ ಅಂತ ನಾನು ಹೇಳ್ತಿಲ್ಲ. ಒಳ್ಳೆ ಉದಾಹರಣೆ ಒಂದಿದೆ. ಶ್ರೀಲಂಕಾ ಮತ್ತು ದಕ್ಷಿಣ ಭಾರತದ ತುದಿಯಲ್ಲಿ ಗೂಡು ಕಟ್ಟೋ ಒಂದು ಪುಟ್ಟ ಪ್ಲೋವರ್ ಇದೆ. ಹಿಂದೆ ಅದನ್ನ ಕೆಂಟಿಶ್ ಪ್ಲೋವರ್‌ನ ಉಪಪ್ರಭೇದ ಅಂತ ಪರಿಗಣಿಸಿದ್ರು. ವಂಶವಾಹಿ, ಅಳತೆ, ಗರಿಯ ಬಣ್ಣ ಎಲ್ಲ ಹೋಲಿಸಿದ ಅಧ್ಯಯನವೊಂದು 2023ರಲ್ಲಿ ಬಂದು, ಅದು ಬೇರೆಯೇ ಪ್ರಭೇದ ಅಂತ ತೋರಿಸಿತು. ಅದಕ್ಕೆ ಇಟ್ಟ ಹೆಸರು ಹನುಮಾನ್ ಪ್ಲೋವರ್. ಸಮುದ್ರ ದಾಟಿದವನ ಹೆಸರು, ಮೂವತ್ತು ಗ್ರಾಂ ಸುಮಾರಿನ ಹಕ್ಕಿಗೆ! ಕಾಲಿನ ಬಣ್ಣ, ಮುಖದ ಪಟ್ಟಿಯಂಥ ವಿವರಗಳು ಹಕ್ಕಿಗಳನ್ನ ಬೇರೆ ಮಾಡೋವಾಗ ಲೆಕ್ಕಕ್ಕೆ ಬರ್ತವೆ, ಸ್ಪಷ್ಟವಾದ ಮಾಮೂಲಿ ಫೋಟೊದಲ್ಲೂ ಅವು ಕಾಣ್ತವೆ.

ಹಾಗಾಗಿ ಮನೆಗೆ ಬಂದ ಮೇಲೆ ಫೋಟೊಗಳನ್ನ ಇನ್‌ಸ್ಟಾಗೆ ಹಾಕೋಕೆ ಮುಂಚೆ ಒಂದು ಸಲ ಜೂಮ್ ಮಾಡಿ ಕಾಲುಗಳನ್ನ ನೋಡಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ತಮಿಳುನಾಡಿನ ಕೋಡಿಯಕ್ಕರೈಯಂಥ ಕಡೆ ಬಹಳ ವರ್ಷಗಳಿಂದ ಈ ಹಕ್ಕಿಗಳಿಗೆ ಉಂಗುರ ತೊಡಿಸ್ತಾ ಬಂದಿದ್ದಾರೆ, ಬೇರೆ ದೇಶಗಳಲ್ಲೂ ಈ ಕೆಲಸ ನಡೀತಿದೆ. ಲೋಹದ ಉಂಗುರದ ಜೊತೆಗೆ ಕಾಲಿಗೆ ಬಣ್ಣದ ಪುಟ್ಟ ಬಾವುಟದಂಥದ್ದು ಇರಬಹುದು, ಅದರ ಮೇಲೆ ಅಕ್ಷರ-ಅಂಕಿ ಇರಬಹುದು. ಯಾವ ಕಾಲು, ಮೊಣಕಾಲಿನಂಥ ಗಂಟಿನ ಮೇಲೋ ಕೆಳಗೋ, ಯಾವ ಬಣ್ಣದ ಮೇಲೆ ಯಾವ ಬಣ್ಣ, ಅಕ್ಷರ ಏನು, ಇಷ್ಟನ್ನ ದಿನಾಂಕ-ಜಾಗದ ಜೊತೆ ಬರೆದು ಸೊಸೈಟಿಗೆ ಮೇಲ್ ಮಾಡಿ, ಇ-ಬರ್ಡ್‌ನಲ್ಲೂ ಪಟ್ಟಿ ಜೊತೆ ಫೋಟೊ ಹಾಕಿ. ಅಲ್ಲಿ ಲೈಕ್‌ಗಿಂತ ಬಾವುಟದ ಅಕ್ಷರ ಓದೋಕೆ ಆಗೋದು ಮುಖ್ಯ, ಹಾಗಾಗಿ ಮಸುಕಾದ ಫೋಟೊ ಅಂತ ಡಿಲೀಟ್ ಮಾಡಿಬಿಡಬೇಡಿ.

ಉಬ್ಬರದ ಸಮಯ ನೋಡಿಕೊಂಡು ಹೋಗಿಬಂದೋರು ಏನೇನು ಸಿಕ್ತು ಅಂತ ಬರೀರಿ, ಫೋಟೊ ಜೊತೆಗೆ ಹಕ್ಕಿ ಆಗ ಏನು ಮಾಡ್ತಾ ಇತ್ತು ಅನ್ನೋದನ್ನೂ ಒಂದು ಸಾಲಲ್ಲಿ ಸೇರಿಸಿ.